ಹುಣಸೆಮರದ ಸೈರನ್

ಹೊಳೆದಂಡೆಯ ಆ ಮಠದಲ್ಲಿ ದೇವರಿಗಿಂತ ಹೆಚ್ಚು ಜತನ ಮಾಡುತ್ತಿದ್ದದ್ದು ಒಂದು ಕಂಪ್ಯೂಟರನ್ನು.

ಮೇಲಿನ ಅಣೆಕಟ್ಟಿನಲ್ಲಿ ಗೇಟು ಎತ್ತಿದರೆ ಅದಕ್ಕೆ ಸುದ್ದಿ ಬರುತ್ತಿತ್ತು. ಅದರೊಳಗೆ ಓಡುವ ಸರ್ವರ್ ಎಂಬ ಪ್ರೋಗ್ರಾಮು ಕೂಡಲೇ ದಂಡೆಯ ಸೈರನ್ ಕೂಗಿಸುತ್ತಿತ್ತು. ಸೈರನ್ ಕೇಳಿದರೆ ಅಂಬಿಗ ಯಮನಪ್ಪ ದೋಣಿಯನ್ನು ದಡಕ್ಕೆ ತರುತ್ತಿದ್ದ. ಎರಡು ಫೋನು ಹೊಳೆಪಾಲಾದ ಮೇಲೆ ಅವನು ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ.

ಹಳೆಯ ಕಲ್ಲುಮೆಟ್ಟಿಲ ಬಳಿ ಹೂಳು ತುಂಬಿ, ಒಂದು ವಾರದಿಂದ ದೋಣಿ ನಿಲ್ಲುತ್ತಿದ್ದದ್ದು ಕೆಳಗೆ, ಹುಣಸೆಮರದ ಹತ್ತಿರ. ಹೊಳೆ ಅಲ್ಲಿ ತಿರುಗುತ್ತದೆ. ಮೆಟ್ಟಿಲ ಸೈರನ್ ನಡುವಿನ ಮಠಕ್ಕೆ ಕೇಳಿದರೂ ಅಲ್ಲಿಗೆ ಕೇಳಿಸದು. ಹೀಗಾಗಿ ಮರದ ಬುಡಕ್ಕೂ ಒಂದು ಹೊಸ ಸೈರನ್ ಬಂತು.

ಅದನ್ನು ಸರ್ವರಿಗೆ ಪರಿಚಯಿಸುವ ಕೆಲಸ ಶಿಷ್ಯೆ ದಾಕ್ಷಾಯಿಣಿಯದು. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಗೇಟು ಎತ್ತುತ್ತೇವೆ ಎಂದು ಅಣೆಕಟ್ಟಿನವರು ಹೇಳಿದ್ದರು.

ಹನ್ನೊಂದಕ್ಕೆ ಅವಳು ಎದ್ದು ನಿಂತಳು.

"ಆತ್ರಿ, ಅಜ್ಜಾರ."

ಗುರು ಅಡವಯ್ಯಜ್ಜ ನೂಲು ಬಿಡಿಸುತ್ತ ಕೂತಿದ್ದರು. "ಹೆಂಗ ಗೊತ್ತು?"

"ಸರ್ವರ್ ಬಂದ್ ಆಗಿತ್ರಿ. ಸರ್ವರ್ ನೋಡಿಕೊಳ್ಳೋ ನನ್ನ ಟೂಲ್ ತೋರಿಸ್ತು. ನಾನ ಚಾಲೂ ಮಾಡಿ ಹೊಸ ಸೈರನ್ ಸೇರಿಸೀನಿ. ಹಸಿರು ದೀಪ ಬಂತು."

ಹಸಿರು ದೀಪ ಕಂಡರೆ ಓದಿದವರಿಗೂ ನಿದ್ದೆ ಬರುತ್ತದೆ. ಅಜ್ಜನಿಗೆ ಬರಲಿಲ್ಲ.

"ಒಮ್ಮೆ ಕೂಗಿಸ್ರಿ ಅಂತ ಅಣೆಕಟ್ಟಿನವರಿಗೆ ಹೇಳು."

ಅವಳು ಹೇಳಿದಳು. ಅಲ್ಲಿಂದ ಪರೀಕ್ಷೆಯ ಸಂದೇಶ ಬಂತು. ಮೇಲೆ ಕಲ್ಲುಮೆಟ್ಟಿಲಲ್ಲಿ ಸೈರನ್ ಕೂಗಿತು. ಕೆಳಗೆ ಹುಣಸೆಮರದಲ್ಲಿ ಕಾಗೆಯೊಂದೇ ಕೂಗಿತು.

ದಾಕ್ಷಾಯಿಣಿ ಸೈರನ್ನುಗಳ ಪಟ್ಟಿ ತೆರೆದು ನೋಡಿದಳು. ಹೊಸ ಸೈರನ್ನಿನ ಹೆಸರು ಅಲ್ಲೇ ಇತ್ತು. ದೀಪ ಹಸಿರೇ ಇತ್ತು.

"ಎಲ್ಲಾ ಸರಿ ಐತ್ರಿ," ಎಂದಳು. ದನಿ ಸಣ್ಣಗಾಗಿತ್ತು.

"ನೀ ಚಾಲೂ ಮಾಡಿದ್ದನ್ನ ಬಂದ್ ಮಾಡು."

"ಬಂದ್ ಮಾಡಿದ್ರ ಇದ್ದದ್ದೂ ಹೋಗ್ತದ್ರಿ."

"ಮಾಡು."

ಮಾಡಿದಳು. ದೀಪ ಆರಿತು. ಸರ್ವರ್ ಇಲ್ಲ ಎಂದು ಟೂಲ್ ತೋರಿಸಿತು. ಅಣೆಕಟ್ಟಿನಿಂದ ಇನ್ನೊಮ್ಮೆ ಪರೀಕ್ಷೆಯ ಸಂದೇಶ ತರಿಸಿದರು. ಕಲ್ಲುಮೆಟ್ಟಿಲ ಸೈರನ್ ಮೊದಲಿನ ಹಾಗೇ ಕೂಗಿತು.

ಅವಳು ಅಜ್ಜನ ಕಡೆ ತಿರುಗಿದಳು. "ಸರ್ವರ್ ಇಲ್ಲ ಅಂದಮ್ಯಾಲೆ ಇದನ್ನ ಕೂಗಿಸೋರು ಯಾರ್ರಿ?"

ಅಜ್ಜ ಅಡುಗೆಯ ಸಿದ್ರಾಮನನ್ನು ಕರೆದು, ಯಮನಪ್ಪನಿಗೆ ಹೊಳೆಗೆ ಇಳಿಯಬೇಡ ಎಂದು ಹೇಳಿ ಬಾ ಎಂದು ಕಳಿಸಿದರು. ಅವನು ಸೈಕಲ್ ಹತ್ತಿ ಹೋದ.

ಹನ್ನೊಂದೂವರೆ. ಅವಳು ಮತ್ತೆ ಮತ್ತೆ ಅದೇ ಗುಂಡಿ ಒತ್ತಿದಳು. ಟೂಲ್ ಮತ್ತೆ ಮತ್ತೆ ಇಲ್ಲ ಎಂದಿತು. ಗೇಟು ತಡಮಾಡಿ ಎತ್ತಿ ಎಂದು ಫೋನು ಹಚ್ಚಿ ಬೇಡಿಕೊಂಡಳು. ಕಟ್ಟೆ ತುಂಬಿದೆ ತಾಯಿ, ತಡೆಯುವ ಹಾಗಿಲ್ಲ ಎಂದರು. ಅವಳಿಗೆ ಅಳು ಬಂತು. ಅಳುವುದಕ್ಕೂ ಪುರಸೊತ್ತಿರಲಿಲ್ಲ.

ಸಿದ್ರಾಮ ನಗುತ್ತ ಬಂದ. "ಕಾಳಜಿ ಬಿಡ್ರಿ. ಇವತ್ತ ಯಮನಪ್ಪ ಬಂದ ಇಲ್ಲ. ದೋಣೀನೂ ಇಲ್ಲ."

ದಾಕ್ಷಾಯಿಣಿ ಉಸಿರು ಬಿಟ್ಟಳು. "ಸದ್ಯ, ಉಳಕೊಂಡ್ವಿ."

ಅಜ್ಜ ನೂಲು ಕೆಳಗಿಟ್ಟರು. "ಎಲ್ಲಿ ನಿಂತು ನೋಡಿದೆಪಾ?"

"ಎಲ್ಲಿ ಅಂದ್ರ? ದಿನಾ ನೋಡೋದು ಎಲ್ಲಿ, ಕಲ್ಲುಮೆಟ್ಟಿಲ..." ದೋಣಿಯ ಜಾಗ ಬದಲಾದದ್ದು ಅವನಿಗೆ ಆಗ ನೆನಪಾಯಿತು. ಸೈಕಲ್ ತಿರುಗಿಸಿ ಹುಣಸೆಮರದ ಕಡೆ ಓಡಿಸಿದ.

ಅಜ್ಜ ಶಿಷ್ಯೆಯ ಕಡೆ ತಿರುಗಿದರು. "ನಿನ್ನ ಟೂಲ್ ಎಲ್ಲಿ ನಿಂತು ನೋಡ್ತು, ತಂಗಿ?"

ಅವಳು ಪರದೆ ನೋಡಿದಳು. 8080. ಅದು ಪೋರ್ಟಿನ ಸಂಖ್ಯೆ, ಅಂದರೆ ಸರ್ವರನ್ನು ಮಾತಾಡಿಸುವ ಬಾಗಿಲು. ಎಲ್ಲ ಸರ್ವರುಗಳೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ ಎಂದು ಟೂಲ್ ತಾನೇ ತುಂಬಿಕೊಂಡದ್ದು. ಅವಳು ಅದನ್ನು ಮುಟ್ಟಿರಲಿಲ್ಲ.

ಸರ್ವರಿನದೇ ಸೆಟ್ಟಿಂಗ್ ಕಡತ ತೆಗೆದಳು. ಅಲ್ಲಿ ಬೇರೆ ಇತ್ತು: 9447. ಹಿಂದಿನ ಶಿಷ್ಯ ಯಾವ ಕಾರಣಕ್ಕೋ ಬದಲಿಸಿ, ಯಾರಿಗೂ ಹೇಳದೆ ಹೋಗಿದ್ದ. ಸರ್ವರ್ ಸತ್ತೇ ಇರಲಿಲ್ಲ. ಅವಳು ಖಾಲಿ ಬಾಗಿಲಲ್ಲಿ ಇನ್ನೊಂದು ಸರ್ವರನ್ನು ಹುಟ್ಟಿಸಿ, ಅಣೆಕಟ್ಟಿನ ಸುದ್ದಿ ಎಂದೂ ಮುಟ್ಟದ ಅದಕ್ಕೆ ಹೊಸ ಸೈರನ್ ಒಪ್ಪಿಸಿದ್ದಳು.

ಟೂಲ್ ಎರಡು ದಾರಿ ಕೇಳಿತು: ಪೋರ್ಟನ್ನು ಸರ್ವರಿನ ಸೆಟ್ಟಿಂಗ್‌ನಿಂದ ತಾನೇ ಓದಿಕೊಳ್ಳಲೋ, ನೀನೇ ಬರೆಯುತ್ತೀಯೋ?

ಯಾವುದು ಮೇಲು ಎಂದು ಯೋಚಿಸಲು ಅವಳಿಗೆ ಸಮಯವೆಲ್ಲಿ. 9447 ಎಂದು ತಾನೇ ಬರೆದಳು.

ಸರ್ವರ್ ಕಂಡಿತು. ಸೈರನ್ನಿನ ಹೆಸರು ಸೇರಿಸಿದಳು. ಅವಸರಕ್ಕೆ ಒಂದಕ್ಷರ ತಪ್ಪಿತು, ಅಳಿಸಿ ಬರೆದಳು. ಉಳಿಸಿದಾಗ ಹನ್ನೆರಡಕ್ಕೆ ಎರಡು ನಿಮಿಷ ಇತ್ತು.

ಇಬ್ಬರೂ ಅಂಗಳಕ್ಕೆ ಬಂದು ನಿಂತರು.

ಮೇಲಿನ ಸೈರನ್ ಕೂಗಿತು. ದಾಕ್ಷಾಯಿಣಿ ಕಣ್ಣು ಮುಚ್ಚಿದಳು.

ಕೆಳಗಿನದೂ ಕೂಗಿತು.

ಆಗ ದೋಣಿ ನಡುಹೊಳೆಯಲ್ಲಿತ್ತು. ಸಂತೆಗೆ ಹೊರಟ ಹನ್ನೊಂದು ಜನ ಕೂತಿದ್ದರು. ದಂಡೆಯಲ್ಲಿ ನಿಂತು ಸಿದ್ರಾಮ ಕೂಗಿದ್ದು ಎದುರುಗಾಳಿಗೆ ಯಾರಿಗೂ ಮುಟ್ಟಿರಲಿಲ್ಲ. ಸೈರನ್ ಮುಟ್ಟಿತು. ಯಮನಪ್ಪ ದೋಣಿ ತಿರುಗಿಸಿದ. ಕೊನೆಯವಳು ಬುಟ್ಟಿ ಹೊತ್ತು ದಂಡೆ ಏರುವಾಗ ಕೆಂಪುನೀರು ಹುಣಸೆಯ ಬೇರಿಗೆ ಬಂದಿತ್ತು.

ಸಿದ್ರಾಮ ಬಂದು ಇಷ್ಟನ್ನೂ ಹೇಳಿದ. ಹೇಳುತ್ತ ಅವನೇ ಅತ್ತುಬಿಟ್ಟ.

ದಾಕ್ಷಾಯಿಣಿ ಕೋಣೆಗೆ ಹೋದಳು. ಸುಣ್ಣದ ಕಡ್ಡಿ ಹುಡುಕಿ, ಕಂಪ್ಯೂಟರಿನ ಮೇಲಿನ ಗೋಡೆಗೆ ಮೊಳದುದ್ದದ ಅಕ್ಷರದಲ್ಲಿ 9447 ಎಂದು ಬರೆದಳು.

"ಇನ್ನ ಯಾರೂ ತಪ್ಪಂಗಿಲ್ರಿ, ಅಜ್ಜಾರ."

ಅಜ್ಜ ಗೋಡೆಯನ್ನು ನೋಡಿದರು. ಪರದೆಯನ್ನೂ ನೋಡಿದರು.

"ಟೂಲಿನೊಳಗೂ ನೀನ ಬರದೀಯೋ, ಅದ ಸರ್ವರನ್ನ ಕೇಳಿ ಓದಿಕೊಂಡೈತೋ?"

"ನಾನ ಬರದೀನ್ರಿ."

ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ಕೊಡದ ನೀರಿನಲ್ಲಿ ಅದ್ದಿದರು. ಗೋಡೆಯ ಮೇಲಿನ ಸಂಖ್ಯೆಯನ್ನು ಒಂದು ಗೆರೆಯೂ ಉಳಿಯದ ಹಾಗೆ ಒರೆಸಿದರು.

"ಹೂಳು ಹುಣಸೀಮರಕ್ಕೂ ಬರ್ತೈತಿ, ತಂಗಿ. ಅಂಬಿಗ ಎಲ್ಲಿ ಅದಾನ ಅಂತ ಅಂಬಿಗನ್ನ ಕೇಳು."