ನಿಲ್ಲದ ಗೆರೆಗಳು

ಶಿಷ್ಯ ಕೇಳಿದ: "ಗುರುಗಳೇ, ಒಂದು ಕೆಲಸ ಮುಗಿಯಿತು ಎಂದು ಹೇಳುವ ಅಧಿಕಾರ ಯಾರದು? ಮಾಡಿದವನದೋ, ಮಾಡಿಸಿದವನದೋ?"

ಗುರು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಹೇಳಿದರು:

"ನೋಡದೆ ‘ನೋಡಿದ್ದೇನೆ’ ಎಂದು ಬರೆದುಕೊಡಬಾರದು. ಮೊದಲು ಈ ನಿಯಮ ನೆನಪಿಟ್ಟುಕೋ. ನಾನು ಹೇಳುವ ಕತೆಯಲ್ಲಿ ದೊಡ್ಡವರೆಲ್ಲ ಇದನ್ನು ಮುರಿದವರು. ಹಾಗೆಂದು ಅವರನ್ನು ಕೆಟ್ಟವರೆಂದು ತಿಳಿಯಬೇಡ. ಅವರಲ್ಲಿ ಒಬ್ಬರೂ ಕೆಟ್ಟವರಿರಲಿಲ್ಲ."

ಹೀಗೆ ಹೇಳಿ ಕತೆಗೆ ತೊಡಗಿದರು.

ಒಂದು ಊರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಅಲ್ಲಿ ಚಿಕಿತ್ಸೆ. ಅಂಥ ಮಕ್ಕಳಿಗೆ ದಿನವೂ ಇನ್ಸುಲಿನ್ ಚುಚ್ಚಬೇಕು. ಆಸ್ಪತ್ರೆಯಲ್ಲಿರುವಷ್ಟು ದಿನ ಸಿಸ್ಟರ್ ಚುಚ್ಚುತ್ತಾರೆ. ಮನೆಗೆ ಹೋದ ಮೇಲೆ ತಾಯಿಯೇ ಚುಚ್ಚಬೇಕು. ಸಿರಿಂಜಿನ ಮೇಲೆ ಸಣ್ಣ ಸಣ್ಣ ಗೆರೆಗಳಿರುತ್ತವೆ. ಡಾಕ್ಟರು ಆರು ಎಂದರೆ ಆರನೆಯ ಗೆರೆಯವರೆಗೆ ಔಷಧಿ ಎಳೆಯಬೇಕು. ಎರಡು ಗೆರೆ ಹೆಚ್ಚಾದರೆ ಮಗು ಬೆವತು ಎಚ್ಚರ ತಪ್ಪಬಹುದು. ದಿನವೂ ಕಡಿಮೆ ಬೀಳುತ್ತ ಹೋದರೆ ಸಕ್ಕರೆ ಏರಿ, ಮತ್ತೆ ಆಸ್ಪತ್ರೆಗೆ ಎತ್ತಿಕೊಂಡು ಓಡಿ ಬರಬೇಕಾಗುತ್ತದೆ. ಎಲ್ಲಿಂದ ಎಣಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಳಿಕೊಡಲು ಅಲ್ಲಿ ಇದ್ದದ್ದು ಒಬ್ಬರೇ ಸಿಸ್ಟರ್. ತಾಯಂದಿರು ನಲವತ್ತು ಮಂದಿ.

ಆದ್ದರಿಂದ ದೊಡ್ಡ ಡಾಕ್ಟರು ಒಂದು ವಿಡಿಯೊ ಮಾಡಿಸಿದರು. ಒಂದಾದ ಮೇಲೊಂದು ಫೋಟೊ ಬರುತ್ತದೆ, ಹಿಂದೆ ಒಂದು ಹೆಣ್ಣುದನಿ ವಿವರಿಸುತ್ತ ಹೋಗುತ್ತದೆ. ಇಂಥದ್ದಕ್ಕೆ ಸ್ಲೈಡ್ ಶೋ ಎನ್ನುತ್ತಾರೆ. ಅದನ್ನು ಟ್ಯಾಬ್‌ಗೆ ಹಾಕಿ ತಾಯಿಗೊಂದರಂತೆ ಕೊಡುವುದು, ಮನೆಯಲ್ಲಿ ಮರೆತರೆ ಮತ್ತೆ ನೋಡಿಕೊಳ್ಳಲಿ ಎಂಬುದು ಯೋಜನೆ. ಊರಿನ ಒಬ್ಬ ವ್ಯಾಪಾರಿ ನಲವತ್ತು ಟ್ಯಾಬ್ ದಾನ ಕೊಟ್ಟ. ಒಬ್ಬ ಫೋಟೊಗ್ರಾಫರ್ ಫೋಟೊ ತೆಗೆದ. ಅವನ್ನು ಜೋಡಿಸಿ ವಿಡಿಯೊ ಮಾಡಿದವನು ವಿರೂಪಾಕ್ಷ.

ವಿರೂಪಾಕ್ಷ ಇಪ್ಪತ್ತು ವರ್ಷದಿಂದ ಮದುವೆ ವಿಡಿಯೊ ಮಾಡುತ್ತಿದ್ದವನು. ಕೆಲಸದಲ್ಲಿ ಕಟ್ಟುನಿಟ್ಟು. ಫೋಟೊ ಸುಮ್ಮನೆ ನಿಂತರೆ ಅವನಿಗೆ ಸಮಾಧಾನವಿಲ್ಲ. ಪ್ರತಿಯೊಂದೂ ನೋಡುವವರ ಕಡೆಗೆ ನಿಧಾನವಾಗಿ ಸರಿದು ಬರುವಂತೆ ಮಾಡುತ್ತಿದ್ದ. ಈ ವಿಡಿಯೊದಲ್ಲೂ ಹಾಗೆಯೇ ಮಾಡಿದ. ಸಿರಿಂಜು ಮೆಲ್ಲಗೆ ಹತ್ತಿರ ಬರುತ್ತಿತ್ತು.

ಡಾಕ್ಟರು ಶಿಸ್ತಿನ ಮನುಷ್ಯ. ಒಂದು ಕಾಗದ ಸಿದ್ಧಪಡಿಸಿ, ಮೇಲೆ ತಾವೇ ಬರೆದರು: ‘ಈ ವಿಡಿಯೊವನ್ನು ಟ್ಯಾಬ್‌ನಲ್ಲಿಯೇ ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಸರಿಯಾಗಿದೆ.’ ಅದರ ಕೆಳಗೆ ಎಲ್ಲರೂ ಸಹಿ ಹಾಕಬೇಕು.

ಫೋಟೊಗ್ರಾಫರ್ ಹಾಕಿದ. ಅವನ ಕ್ಯಾಮೆರಾದಲ್ಲಿ ಒಂದೊಂದು ಗೆರೆಯೂ ಕೊರೆದಿಟ್ಟಂತೆ ಕಂಡಿತ್ತು. ವಿರೂಪಾಕ್ಷ ಹಾಕಿದ. ಟ್ಯಾಬ್‌ಗಳು ಇನ್ನೂ ಬಂದಿರಲಿಲ್ಲ, ಆದರೆ ಅಂಗಡಿಯ ದೊಡ್ಡ ಪರದೆಯ ಮೇಲೆ ಏಳು ಸಲ ನೋಡಿದ್ದ. ವಿರೂಪಾಕ್ಷನ ಸಹಿ ನೋಡಿ ಸಿಸ್ಟರ್ ಹಾಕಿದರು. ಸಿಸ್ಟರ್ ಸಹಿ ನೋಡಿ ಡಾಕ್ಟರು ಹಾಕಿದರು.

ಹಂಚುವ ದಿನ ಬಂತು. ಹನ್ನೊಂದು ಗಂಟೆಗೆ ಸಮಾರಂಭ. ಬೆಳಿಗ್ಗೆ ಎಂಟಕ್ಕೆ ಸಿಸ್ಟರ್ ಒಂದು ಟ್ಯಾಬ್ ತೆರೆದು ನೋಡಿದರು. ಕೂಡಲೇ ವಿರೂಪಾಕ್ಷನಿಗೆ ಫೋನ್ ಮಾಡಿದರು.

"ವಿರೂಪಾಕ್ಷಣ್ಣ, ಸಿರಿಂಜ್ ಬಂದಲ್ಲೆ ಚಿತ್ರ ಮಿಣಮಿಣ ಅಂತೈತಿ. ಗೆರಿ ಕಾಣವಲ್ಲವು."

ಅವನು ಕಂಪ್ಯೂಟರ್ ಹಿಡಿದುಕೊಂಡು ಓಡಿ ಬಂದ. ನೋಡಿದ. ನಿಜ. ಗೆರೆಗಳು ಮಿಣುಕುತ್ತಿದ್ದವು. ಒಂದು ಮಾಯವಾಗಿ ಪಕ್ಕದ್ದು ಏಳುತ್ತಿತ್ತು. ಅದು ಮಾಯವಾಗಿ ಮೊದಲಿನದು ಮರಳುತ್ತಿತ್ತು.

ಮೊದಲ ಅರ್ಧ ಗಂಟೆ ಗಾಬರಿಯಲ್ಲಿ ಹೋಯಿತು. ಅಳತೆ ಬದಲಿಸಿದ, ವೇಗ ಬದಲಿಸಿದ, ಗುಣಮಟ್ಟ ಏರಿಸಿದ, ಎಲ್ಲವನ್ನೂ ಒಟ್ಟಿಗೆ. ಮಿಣುಕು ಸಿರಿಂಜಿನಲ್ಲಿ ಸ್ವಲ್ಪ ಕಡಿಮೆಯಾಯಿತು, ಔಷಧಿ ಬಾಟಲಿಯ ಚೀಟಿಯ ಮೇಲೆ ಹೊಸದಾಗಿ ಹುಟ್ಟಿತು. ಯಾವುದರಿಂದ ಏನಾಯಿತು ಎಂಬುದು ಅವನಿಗೇ ಗೊತ್ತಾಗಲಿಲ್ಲ. ಆಗ ತನ್ನನ್ನು ತಾನು ಬೈದುಕೊಂಡ. ಎಲ್ಲವನ್ನೂ ಮೊದಲಿದ್ದಂತೆ ಮಾಡಿ, ಒಂದು ಸಲಕ್ಕೆ ಒಂದನ್ನು ಮಾತ್ರ ಮುಟ್ಟುತ್ತ ಬಂದ.

ಬೇರೆ ಟ್ಯಾಬ್‌ನಲ್ಲಿ ಹಾಕಿ ನೋಡಿದ. ಅಲ್ಲಿಯೂ ಮಿಣುಕು. ಅಂದರೆ ದೋಷ ಟ್ಯಾಬ್‌ನದಲ್ಲ. ಬೆಳಕು ಪೂರ್ತಿ ಏರಿಸಿದ. ಮಿಣುಕು ಹೋಗಲಿಲ್ಲ. ಗುಣಮಟ್ಟವೊಂದನ್ನೇ ಏರಿಸಿದ. ಫೈಲು ದಪ್ಪವಾಯಿತು, ಮಿಣುಕು ಇದ್ದಲ್ಲೇ ಇತ್ತು. ವಿಡಿಯೊವನ್ನು ನಡುವೆ ನಿಲ್ಲಿಸಿದ. ಗೆರೆಗಳೂ ನಿಂತವು. ಓಡಿಸಿದ. ಮತ್ತೆ ಕುಣಿದವು. ಆ ಒಂದು ಫೋಟೊ ಸರಿದು ಬರದಂತೆ ಮಾಡಿ ಓಡಿಸಿದ. ಗೆರೆಗಳು ಅಲುಗಾಡಲಿಲ್ಲ.

ಆಗ ಅವನಿಗೆ ಅರ್ಥವಾಯಿತು. ಫೋಟೊ ಬಹಳ ದೊಡ್ಡದು, ಟ್ಯಾಬಿನ ಪರದೆ ಚಿಕ್ಕದು. ಪರದೆ ಅಂದರೆ ಸಾಲಾಗಿ ಕೂತ ಚುಕ್ಕೆಗಳು. ಅಷ್ಟು ದೊಡ್ಡ ಫೋಟೊ ಅಲ್ಲಿ ಕುಗ್ಗಿದಾಗ ಗೆರೆ ಆ ಚುಕ್ಕೆಗಿಂತ ಸಣ್ಣದಾಗಿತ್ತು. ಚಿತ್ರ ಸರಿದಂತೆಲ್ಲ ಗೆರೆ ಒಮ್ಮೆ ಚುಕ್ಕೆಯ ಮೇಲೆ ಬರುತ್ತಿತ್ತು, ಒಮ್ಮೆ ಎರಡು ಚುಕ್ಕೆಗಳ ನಡುವೆ ಬಿದ್ದು ಹೋಗುತ್ತಿತ್ತು. ಅಂಗಡಿಯ ದೊಡ್ಡ ಪರದೆಯಲ್ಲಿ ಎಲ್ಲ ಗೆರೆಗೂ ಜಾಗವಿತ್ತು, ಆದ್ದರಿಂದ ಅಲ್ಲಿ ಕಂಡಿರಲಿಲ್ಲ. ಪರಿಹಾರ ಸುಲಭ. ಫೋಟೊವನ್ನು ಮೊದಲೇ ಟ್ಯಾಬಿನ ಅಳತೆಗೆ ಇಳಿಸಬೇಕು. ಅಂಚನ್ನು ಕೊಂಚ ಮೆದು ಮಾಡಬೇಕು. ಮುಖ್ಯವಾಗಿ, ಅದನ್ನು ನಿಂತಲ್ಲೇ ನಿಲ್ಲಲು ಬಿಡಬೇಕು. ಆದರೆ ಸರಿಪಡಿಸಿ, ನಲವತ್ತು ಟ್ಯಾಬ್‌ಗೆ ಹಾಕಿ, ಒಂದೊಂದನ್ನೂ ನೋಡಿ ಮುಗಿಸುವಷ್ಟರಲ್ಲಿ ಮರುದಿನ ಸಂಜೆಯಾಗುತ್ತಿತ್ತು.

ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಡಾಕ್ಟರು ಗಡಿಯಾರ ನೋಡಿದರು.

"ಎಷ್ಟು ಹೊತ್ತು ಮಿಣುಕುತ್ತದೆ?"

"ಹನ್ನೆರಡು ಸೆಕೆಂಡ್ ಸಾರ್."

"ಒಟ್ಟು ವಿಡಿಯೊ?"

"ಒಂಬತ್ತು ನಿಮಿಷ."

"ಮತ್ತೇನು ಮಾರಾಯ! ಉಳಿದದ್ದೆಲ್ಲ ಚೆನ್ನಾಗಿದೆಯಲ್ಲ. ದನಿ ಬೇರೆ ಇದೆ. ಇವತ್ತು ಹಂಚಿಬಿಡೋಣ. ಮುಂದಿನ ತಿಂಗಳು ತಪಾಸಣೆಗೆ ಬಂದಾಗ ಹೊಸದು ಹಾಕಿಕೊಡು."

ಪಕ್ಕದಲ್ಲಿದ್ದ ಫೋಟೊಗ್ರಾಫರ್ ನಕ್ಕ. "ಮದುವಿ ವಿಡಿಯೊದಾಗ ತಾಳಿ ಕಟ್ಟೂದ ತಪ್ಪಿಸಿದಾವನಂಗ ಮಾರಿ ಮಾಡ್ಯಾನ ನೋಡ್ರಿ! ಹನ್ನೆರಡ ಸೆಕೆಂಡಿಗೆ ಇಷ್ಟ್ಯಾಕ ಬೆವರತಿಯೋ?"

ಇಡೀ ವಿಡಿಯೊದಲ್ಲಿ ಗೆರೆ ಎಣಿಸಿ ತೋರಿಸುವುದು ಆ ಹನ್ನೆರಡು ಸೆಕೆಂಡಿನಲ್ಲಿ ಮಾತ್ರ ಎಂಬುದು ವಿರೂಪಾಕ್ಷನಿಗೆ ಗೊತ್ತಿತ್ತು. ‘ಚಿತ್ರದಲ್ಲಿ ತೋರಿಸಿದಂತೆ ಎಣಿಸಿ’ ಎಂದಷ್ಟೇ ಆ ದನಿ ಹೇಳುತ್ತದೆ ಎಂಬುದೂ ಗೊತ್ತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊರಗೆ ದಾನಿಯ ಕಾರು ಬಂದು ನಿಂತಿತು. ಡಾಕ್ಟರು ಎದ್ದರು. ಅವನು ಅಂಗಿ ಸರಿಮಾಡಿಕೊಂಡು ಅವರ ಹಿಂದೆ ನಡೆದ.

ತಾಯಂದಿರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಟ್ಯಾಬ್. ಭಾಷಣ ಮುಗಿಯಿತು, ಎಲ್ಲರೂ ಒಟ್ಟಿಗೆ ವಿಡಿಯೊ ನೋಡಿದರು. ಸಿರಿಂಜು ಬಂದಾಗ ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಬ್ಬಳು ಟ್ಯಾಬನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ನಿನಗ ಕಂಡವೇನ?" ಎಂದು ಪಕ್ಕದವಳನ್ನು ಕೇಳಿದಳು.

"ಹೂಂ, ಕಂಡವು," ಎಂದಳು ಪಕ್ಕದವಳು. ಅವಳಿಗೂ ಕಂಡಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದರು. ಅದೇ ಕಾಗದದ ಕೆಳಗೆ ತಾಯಂದಿರಿಗಾಗಿ ಬೇರೆ ಸಾಲು ಇತ್ತು: ‘ವಿಡಿಯೊ ನೋಡಿದ್ದೇನೆ. ತಿಳಿದಿದೆ.’ ಹನ್ನೊಂದು ಜನ ಸಹಿ ಹಾಕಿದರು. ದಾನಿಯ ಜೊತೆ ಫೋಟೊಗೆ ನಿಂತರು.

ಹನ್ನೆರಡನೆಯವಳು ಬಾಳವ್ವ. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಅವತ್ತೇ ಮಗುವನ್ನು ಮನೆಗೆ ಕಳಿಸುವವರಿದ್ದರು. ಅಂದು ಸಂಜೆಯ ಸೂಜಿಯನ್ನು ಬಾಳವ್ವನೇ ಚುಚ್ಚಬೇಕಿತ್ತು. ಅವಳು ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ಟ್ಯಾಬಿನಲ್ಲಿ ಆ ಭಾಗವನ್ನು ಮತ್ತೆ ಓಡಿಸಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು. ಇನ್ನೊಮ್ಮೆ ಓಡಿಸಿದಳು.

"ಯಾಕ ಬಾಳವ್ವ, ಸಹಿ ಬರೂದಿಲ್ಲೇನು? ಹೆಬ್ಬಟ್ಟು ಒತ್ತು, ನಡೀತೈತಿ," ಎಂದರು ಸಿಸ್ಟರ್.

"ಸಹಿ ಬರತೈತ್ರಿ. ಗೆರಿ ನಿಂದ್ರವಲ್ಲವು. ಒಮ್ಮೆ ಎಣಿಸಿದ್ರ ಆರು, ಒಮ್ಮೆ ಎಣಿಸಿದ್ರ ಎಂಟು."

ಡಾಕ್ಟರು ಬೆಳಗಿನ ಮಿಣುಕನ್ನು ಸಣ್ಣದೆಂದು ಬದಿಗಿಟ್ಟು, ಪ್ರೀತಿಯಿಂದಲೇ ಕೇಳಿದರು: "ಕಣ್ಣು ತೋರಿಸಿಕೊಂಡಿದ್ದೀಯೇನಮ್ಮ? ಕನ್ನಡಕ ಬೇಕಾಗಿರಬಹುದು. ಹೆದರಬೇಡ, ಅದನ್ನೂ ನಾವೇ ಕೊಡಿಸೋಣ."

ದಾನಿ ತಲೆಯಾಡಿಸಿದ. ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: "ಏ, ಲಗೂನ ಹಾಕಬೇ! ನಿನ್ನ ಸಹಿ ಸಲುವಾಗಿ ಬಸ್ಸು ನಿಂದ್ರೂದಿಲ್ಲ." ಒಂದಿಬ್ಬರು ನಕ್ಕರು.

ಬಾಳವ್ವ ನಗಲಿಲ್ಲ.

"ಕಣ್ಣ ಚಲೋ ಅದಾವ್ರಿ ಸಾಹೇಬ್ರ. ನಾ ಕಸೂತಿ ಹಾಕಾಕಿ. ಇಳಕಲ್ಲ ಸೀರಿ ಮ್ಯಾಲೆ ಎಳಿ ಎಣಿಸಿ ಸೂಜಿ ಹಾಕತೀನಿ. ಒಂದ ಎಳಿ ತಪ್ಪಿದ್ರ ಗೋಪುರದ ಚಿತ್ತಾರ ಸೊಟ್ಟ ಆಗತೈತಿ, ಎಲ್ಲಾ ಬಿಚ್ಚಬೇಕು. ಎಣಿಸೂದು ನನಗ ಬರತೈತ್ರಿ. ಎಳಿ ಆದ್ರ ಕುಂತಲ್ಲೇ ಕುಂತಿರತಾವು. ಇವು ಕುಂದ್ರವಲ್ಲವು."

ಡಾಕ್ಟರು ವಿರೂಪಾಕ್ಷನ ಕಡೆ ತಿರುಗಿದರು. ದಾನಿಯೂ ತಿರುಗಿದ.

"ವಿಡಿಯೊ ಸರಿ ಇದೆಯಲ್ಲಪ್ಪ?"

ಮೇಜಿನ ಮೇಲೆ ಕಾಗದವಿತ್ತು. ಎರಡನೆಯ ಸಹಿ ತನ್ನದು. ವಿರೂಪಾಕ್ಷ ಅದನ್ನು ನೋಡಿದ. ಆ ಹೆಣ್ಣುಮಗಳ ಕಣ್ಣಿನಲ್ಲಿ ದೋಷವಿಲ್ಲ ಎಂದು ಆ ಸಭೆಯಲ್ಲಿ ಎಲ್ಲರಿಗಿಂತ ಖಚಿತವಾಗಿ ಬಲ್ಲವನು ಅವನು. ಏಕೆ ಆರು, ಏಕೆ ಎಂಟು ಎಂದು ಚುಕ್ಕೆ ಚುಕ್ಕೆಯಾಗಿ ಬಿಡಿಸಿ ಹೇಳಬಲ್ಲವನಾಗಿದ್ದ. ಈಗ ಹೇಳಿದರೆ ಈ ಸಹಿ ಏಕೆ ಹಾಕಿದೆ ಎಂದು ಕೇಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಅವನ ಕೆಲಸದಲ್ಲಿ ಯಾರೂ ಕುಂದು ಎತ್ತಿರಲಿಲ್ಲ.

"ಸರಿ ಇದೆ ಸಾರ್," ಎಂದ.

ಬಾಳವ್ವ ಅವನನ್ನು ನೋಡಿದಳು. ಬಗ್ಗಿ, ಕಾಗದದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದಳು.

"‘ನೋಡಿದ್ದೇನೆ’ ಅಂತ ಐತಿ. ನೋಡೀನ್ರಿ. ‘ತಿಳಿದಿದೆ’ ಅಂತ ಐತಿ. ತಿಳಿದಿಲ್ರಿ."

"ಹಾಗಾದರೆ ಟ್ಯಾಬ್ ಮನೆಗೆ ಕೊಟ್ಟು ಕಳಿಸುವುದಕ್ಕೆ ಬರುವುದಿಲ್ಲವಲ್ಲಮ್ಮ," ಎಂದರು ಡಾಕ್ಟರು. "ಎಲ್ಲರೂ ಹಾಕಿದ್ದಾರೆ ನೋಡು. ನಾನೂ ಹಾಕಿದ್ದೇನೆ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಪೆನ್ನನ್ನು ಕಾಗದದ ಮೇಲೆ ಇಟ್ಟಳು. ಟ್ಯಾಬನ್ನು ಅದರ ಪಕ್ಕದಲ್ಲಿ ಇಟ್ಟಳು.

"ತಿಳದ ಮ್ಯಾಲೆ ಹಾಕತೀನ್ರಿ. ಅಲ್ಲೀಮಟ ಈ ಕೂಸಿಗೆ ನಾ ಸೂಜಿ ಚುಚ್ಚೂದಿಲ್ಲ, ಮನೀಗೂ ಹೋಗೂದಿಲ್ಲ."

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಮೇಜಿನ ಎದುರಿಗಿದ್ದ ಬೆಂಚಿನ ಮೇಲೆ ಎಲ್ಲರ ಮುಂದೆ ಕೂತಳು. ಹೊರಗೆ ಬಸ್ಸಿನವನು ಎರಡು ಸಲ ಹಾರನ್ ಹೊಡೆದ. ಅವಳು ಏಳಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕತೆ ಮುಂದೆ ಹೋಗಲಿಲ್ಲ. ಕೊನೆಗೆ ಅವನೇ ಕೇಳಿದ: "ಅಷ್ಟು ದೊಡ್ಡವರ ಎದುರಿಗೆ ಆಕೆಗೆ ಅಷ್ಟು ಧೈರ್ಯ ಎಲ್ಲಿಂದ ಬಂತು, ಗುರುಗಳೇ?"

"ತಾನು ಎಣಿಸಿದ್ದನ್ನು ಹೇಳಲು ಧೈರ್ಯವೇಕೆ? ಆ ಮಗುವಿನ ಮುಂದೆ ನಿಂತು ‘ಸರಿ ಇದೆ’ ಎನ್ನಲು ಎಷ್ಟು ಧೈರ್ಯ ಬೇಕಾಯಿತು, ಅದನ್ನು ಕೇಳು."