ಹದಿನೇಳನೆಯ ಗಣಿಯ ನೀರು

"ಕೇಳ್ರಪ್ಪೋ ಕೇಳಿ. ವೆಲ್ದಾರ ದೇಶದ ದೊರೆ ಓಸ್ವಿನ್ ಮಹಾರಾಜರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವರ ಮಾತಿನಂತೆ ಮುಂದಿನ ಐವತ್ತು ವರ್ಷ ರಾಜ್ಯ ನಡೆಯುತ್ತದೆ. ಅವರು ಬೇಡಿದ್ದೊಂದನ್ನು ಕೊಡಲಾಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ." ಹೀಗಂತ ಊರೂರಲ್ಲಿ ಡಂಗುರ ಹೊಡೆದರು.

ಯುರೋಪಿನ ಬಡಗಣ ಮೂಲೆಯ ದೇಶ ಅದು. ಅಲ್ಲಿಗೆ ಕರೆಂಟು ಬಂದಿತ್ತು, ರಾಜರು ಮಾತ್ರ ಇನ್ನೂ ಹೋಗಿರಲಿಲ್ಲ. ಇದ್ದದ್ದು ಐವತ್ತು ಕಲ್ಲಿದ್ದಲ ಗಣಿ. ಒಲೆಗೂ ಅದೇ, ದೀಪಕ್ಕೂ ಅದೇ. ಹೊಗೆ ಕುಡಿದು ಕುಡಿದು ರಾಣಿ ಕೆಮ್ಮಿ ಸತ್ತಳು, ಆಮೇಲೆ ರಾಜನಿಗೆ ಬುದ್ಧಿ ಬಂತು. ನಮ್ಮ ಮನೇಲಿ ಸಾವಾಗೋ ತನಕ ಯಾರಿಗೆ ಬಂದಿದೆ ಹೇಳಿ.

ಗಣಿ ಮುಚ್ಚೋಣ ಅಂದರೆ ಒಂದು ಕಟ್ಟಳೆ ಅಡ್ಡ ಬರುತ್ತಿತ್ತು. ಒಳಗೆ ಕುಸಿದು ಸತ್ತವನ ಹೆಣ ಸಿಗೋ ತನಕ ಆ ಗಣಿಯನ್ನು ಅಗೆಯುತ್ತಲೇ ಇರಬೇಕು. ಮನೆಯವರೇ ಬಾಯಿಬಿಟ್ಟು 'ಸಾಕು' ಅಂದರೆ ಮಾತ್ರ ನಿಲ್ಲಿಸಬಹುದು. ಐವತ್ತರಲ್ಲಿ ಹೆಣವಿಲ್ಲದ ಗಣಿ ಒಂದೂ ಇರಲಿಲ್ಲ. ಹುಡುಕೋಕೆ ಇಳಿದವರಲ್ಲೇ ಒಬ್ಬಿಬ್ಬರು ಅಲ್ಲೇ ಉಳಿದುಬಿಡುತ್ತಿದ್ದರು. 'ಸಾಕು' ಅಂದ ತಾಯಿ ಆ ದೇಶದಲ್ಲಿ ಹುಟ್ಟಿರಲಿಲ್ಲ.

ಯೋಸ್ಕ ಅನ್ನೋನು ಹದಿನೇಳನೆಯ ಗಣಿಯಲ್ಲಿ ನೀರೆತ್ತುವವನು. ಅವನ ಅಣ್ಣ ಮಾತೈ ಕುಸಿತಕ್ಕೆ ಸಿಕ್ಕಿ ಸತ್ತು ಎರಡು ವರ್ಷದಿಂದ ಅದರ ತಳದಲ್ಲಿದ್ದ. ಒಂದು ದಿನ ಪಂಪು ನಿಂತರೂ ನೀರು ಏರಿ ಅಣ್ಣನನ್ನು ಮುಳುಗಿಸುತ್ತಿತ್ತು. ತಾಯಿ ಡೋರಾ ದಿನಾ ಗಣಿಯ ಬಾಯಲ್ಲಿ ಕೂತು, "ಇವತ್ತು ಸಿಗ್ತಾನೇನೋ ಮಗಾ?" ಅನ್ನುತ್ತಿದ್ದಳು. "ಸಿಗ್ತಾನವ್ವ" ಅಂತ ಇವನೂ ಹೇಳುತ್ತಿದ್ದ.

ಡಂಗುರ ಕೇಳಿದ ಯೋಸ್ಕನ ಕಿವಿಗೆ ಬಿದ್ದದ್ದು 'ಬೇಡಿದ್ದೊಂದು' ಅನ್ನೋದು ಮಾತ್ರ. ಅಗೆಯೋಕೆ ಇನ್ನೂ ಮೂವತ್ತು ಆಳು ಬೇಡಿದರೆ ಅಣ್ಣ ಸಿಕ್ಕೇ ಸಿಗುತ್ತಾನೆ. "ಸತ್ತವನಿಗೋಸ್ಕರ ಬದುಕಿರೋನ ತಲೆ ಕೊಡಲೇನೋ?" ಅಂತ ತಾಯಿ ಅತ್ತಳು. ಇವನು ಕೇಳಲಿಲ್ಲ. ಅವಳೂ ಅವನ ಹಿಂದೆಯೇ ಅರಮನೆಗೆ ನಡೆದಳು.

ಸಭೆಯಲ್ಲಿ ಇವನಿಗಿಂತ ಮುಂದೆ ಮೂವರು ನಿಂತಿದ್ದರು. ರಾಜ ಮೊದಲನೆಯದನ್ನು ಕೇಳಿದ. "ಅವಳ ಹೊಟ್ಟೆ ಬಗೆದು ತಂದದ್ದರಿಂದ ನಾವು ಬೆಚ್ಚಗಾದೆವು. ತಂದಷ್ಟೂ ನಮ್ಮ ಉಸಿರೇ ಕಟ್ಟಿತು. ಏನದು?" ಗಣಿ ಮಾಲೀಕನ ಮಗ ತನ್ನ ಸರಕಿನ ಹೆಸರೆತ್ತಲು ಮನಸ್ಸಾಗದೆ, "ಆಸೆ" ಅಂದ. ಅವನನ್ನು ಎಳೆದುಕೊಂಡು ಹೋದರು.

ಜ್ಯೋತಿಷಿಯೊಬ್ಬ ಅದನ್ನು ಬಿಡಿಸಿದ. ಎರಡನೆಯದು ಬಂತು. "ಇಬ್ಬರು ಆಳುಗಳು. ಕೂಲಿ ಕೇಳುವುದಿಲ್ಲ. ಒಬ್ಬ ಹಗಲು ಮಾತ್ರ ದುಡಿಯುತ್ತಾನೆ, ಇನ್ನೊಬ್ಬ ಮನಸ್ಸು ಬಂದಾಗ. ಇವರು ಯಾರು, ಇವರನ್ನು ನಂಬಿ ಸಂಸಾರ ಮಾಡೋದು ಹೇಗೆ?" ಜ್ಯೋತಿಷಿ ಬೆವರೊರೆಸಿಕೊಂಡು, "ಅಳಿಯಂದಿರು" ಅಂದ. ಸಭೆ ನಕ್ಕಿತು. ರಾಜ ನಗಲಿಲ್ಲ. ಪಾಪ, ರಾಜನಿಗೇ ಮೂವರು ಹೆಣ್ಣುಮಕ್ಕಳಿದ್ದರು. ಜ್ಯೋತಿಷಿಯನ್ನೂ ಎಳೆದುಕೊಂಡು ಹೋದರು.

ಮಂತ್ರಿಯ ತಮ್ಮ ಓದಿದವನು, ಎರಡನ್ನೂ ದಾಟಿದ. ಮೂರನೆಯದು ಹೀಗಿತ್ತು. "ಎಲ್ಲರಿಗೂ ಆಗಬೇಕಾದ ಕೆಲಸ, ಎಲ್ಲರೂ ನಾಳೆ ಅನ್ನುವ ಕೆಲಸ. ಶುರು ಮಾಡಿದವನು ಅಳುತ್ತಾನೆ, ಯಾರದೋ ಮೊಮ್ಮಕ್ಕಳು ನಗುತ್ತಾರೆ." ಅವನು "ಮರ ನೆಡೋದು" ಅಂದ. "ಮರ ನೆಟ್ಟವನು ಯಾಕಯ್ಯಾ ಅಳುತ್ತಾನೆ?" ಅಂದ ರಾಜ. ಅವನ ತಲೆಯೂ ಹೋಯಿತು.

ಈಗ ಯೋಸ್ಕನ ಸರದಿ.

"ಮೊದಲನೆಯದು ಕಲ್ಲಿದ್ದಲು, ದೊರೆಗಳೇ. ಭೂಮಿತಾಯಿ ಹೊಟ್ಟೆ ಬಗೆದು ಅದನ್ನ ತಂದೋರು ನಾವೇ. ಎರಡನೇದು ಬಿಸಿಲು, ಗಾಳಿ. ನಂಬೋದು ಹೇಗೆ ಅಂದ್ರೆ, ನೀರನ್ನ ಕೇಳಬೇಕು. ಬಿಸಿಲು ಗಾಳಿ ಇದ್ದಾಗ ಅವುಗಳಿಂದಲೇ ಗುಡ್ಡದ ಮೇಲಿನ ಕೆರೆಗೆ ನೀರೇರಿಸಿ ಇಟ್ಕೊಳ್ಳೋದು. ಇಲ್ಲದಾಗ ಇಳಿಸೋದು. ಇಳಿಯೋ ನೀರು ಚಕ್ರ ತಿರುಗಿಸ್ತದೆ, ಕರೆಂಟು ಬರ್ತದೆ. ಎತ್ತಿದ ನೀರು ಎತ್ತಿದವನ ಶ್ರಮ ಮರೆಯಲ್ಲ."

ರಾಜ ಮುಂದಕ್ಕೆ ಬಾಗಿದ. "ಮೂರನೆಯದು?"

ಯೋಸ್ಕ ತಾಯಿಯ ಕಡೆ ನೋಡಿದ. ಉತ್ತರ ಅವನಿಗೆ ಆಗಲೇ ಹೊಳೆದಿತ್ತು. ತಪ್ಪು ಹೇಳಿದರೆ ತಲೆ ಹೋಗುತ್ತದೆ. ಸರಿ ಹೇಳಿದರೆ ಅಣ್ಣ ಹೋಗುತ್ತಾನೆ.

"ಮೊದಲ ಗಣಿ ಮುಚ್ಚೋದು, ದೊರೆಗಳೇ. ಒಂದು ಮುಚ್ಚಿದರೆ ಉಳಿದದ್ದಕ್ಕೆ ದಾರಿಯಾಗ್ತದೆ. ವರ್ಷಕ್ಕೊಂದರಂತೆ ಐವತ್ತು ವರ್ಷ. ಆದರೆ ಮೊದಲನೇದು ಯಾರದ್ದು ಅಂತ ಕೇಳಿದಾಗ ಎಲ್ಲರೂ ಪಕ್ಕದ ಮನೆ ತೋರಿಸ್ತಾರೆ."

"ನೀನು ಯಾರದ್ದನ್ನು ತೋರಿಸುತ್ತೀ?"

"ಹದಿನೇಳನೇದು. ನಮ್ಮಣ್ಣ ಇರೋದು."

ಸಭೆಯೆಲ್ಲ ಡೋರಾಳ ಕಡೆ ತಿರುಗಿತು. ಮನೆಯವರ ಮಾತಿಲ್ಲದೆ ಆಗದಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದಳು. "ದೊಡ್ಡವನಿಗೆ ನೀರಂದ್ರೆ ಭಯ, ಸ್ವಾಮಿ" ಅಂದಳು. ಆಮೇಲೆ ಅವಳೇ "ಸಾಕು" ಅಂದಳು.

"ನಿನಗೇನು ಬೇಕು ಕೇಳು" ಅಂದ ರಾಜ. ಅವನ ಕಣ್ಣೂ ಒದ್ದೆಯಾಗಿತ್ತು. ಯೋಸ್ಕ ತಾನು ಬೇಡಬೇಕು ಅಂತ ಬಂದದ್ದನ್ನು ಬೇಡಲಿಲ್ಲ. "ಗಣಿ ಬಿಟ್ಟು ಮೇಲೆ ಬಂದೋರಿಗೆ ಅದೇ ದಿನ ಗುಡ್ಡದ ಕೆರೇಲಿ, ಗಾಳಿಯಂತ್ರದಲ್ಲಿ ಕೆಲಸ ಕೊಡಿ. ಹಸಿದವನು ಮತ್ತೆ ಒಳಗೇ ಇಳೀತಾನೆ" ಅಂದ. ರಾಜ ಒಪ್ಪಿದ. ಅರ್ಧ ರಾಜ್ಯವನ್ನೂ ಕೊಟ್ಟ ಅನ್ನುತ್ತಾರೆ, ಅದನ್ನು ತಗೊಂಡು ಅವನೇನು ಮಾಡಿದನೋ ನನಗೆ ಗೊತ್ತಿಲ್ಲ.

ಆ ಐವತ್ತು ವರ್ಷದ ಕತೆ ಬೇರೆಯವರು ಹೇಳಲಿ. ಕೊನೆಯ ಗಣಿ ಮುಚ್ಚಿದ ವರ್ಷ ಆ ದೇಶದ ಮಕ್ಕಳು ಮೊದಲ ಸಲ ನಕ್ಷತ್ರ ಕಂಡರಂತೆ. ನಾನು ಹೇಳಬೇಕಾದ್ದು ಮಾರನೆಯ ಬೆಳಗಿನದು ಮಾತ್ರ.

ಯೋಸ್ಕ ತನ್ನ ಕೈಯಾರೆ ಪಂಪು ನಿಲ್ಲಿಸಿದ. ಎರಡು ವರ್ಷದಿಂದ ನಿಲ್ಲದ ಸದ್ದು ನಿಂತಿತು. ಡೋರಾ ಗಣಿಯ ಬಾಯಲ್ಲಿ ಕೂತಿದ್ದಳು.

"ನೀರು ಅವನ ತನಕ ಬರೋಕೆ ಎಷ್ಟು ಹೊತ್ತಾಗ್ತದೆ?"

"ಸಂಜೆ ಆಗ್ತದವ್ವ."

"ಹಾಗಾದ್ರೆ ಸಂಜೆ ತನಕ ಮಾತಾಡ್ತಾ ಇರೋಣ ಬಾ. ಒಬ್ಬನೇ ಇದ್ದೀನಿ ಅಂದ್ಕೋಬಾರದು ಅವನು."