ಕಾರಿಗೆ ಉಸಿರು ಆಯ್ದುಕೊಳ್ಳಲು ಹೋದ ವರ್ತಕ

"ಗುರುಗಳೇ, ಉಸಿರನ್ನು ಗಮನಿಸುವುದಕ್ಕೆ ಮೂರು ದಾರಿಗಳಿವೆ ಎಂದು ಹೇಳಿದ್ದೀರಿ. ಎಣಿಸುವುದು ಒಂದು, ಉಸಿರಿಗೆ ನಾಮವನ್ನು ಜೋಡಿಸುವುದು ಇನ್ನೊಂದು, ಏನೂ ಮಾಡದೆ ಸುಮ್ಮನೆ ನೋಡುವುದು ಮತ್ತೊಂದು. ಈ ಮೂರರಲ್ಲಿ ನನಗೆ ಯಾವುದು ಸರಿ?"

ಹೀಗೆ ಕೇಳಿದವನು ಅಡಿವೆಪ್ಪ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಸಂಜೆಯ ಪ್ರಸಾದಕ್ಕೆ ಮೊದಲು ಗುರುಗಳು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಆ ಹೊತ್ತಿಗೆ ಉಳಿದ ಶಿಷ್ಯರು ಇಬ್ಬಿಬ್ಬರಾಗಿ ಕೆರೆಯ ಕಡೆ ತಿರುಗಾಡಲು ಹೋಗುತ್ತಿದ್ದರು. ಅಡಿವೆಪ್ಪನನ್ನು ಯಾರೂ ಕರೆಯುತ್ತಿರಲಿಲ್ಲ. ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕರೆಯಬೇಕೆಂದು ತೋಚಿರಲಿಲ್ಲ, ಅಷ್ಟೆ. ಅವನು ಒಂದು ಪ್ರಶ್ನೆಯನ್ನು ಸಿದ್ಧಮಾಡಿಕೊಂಡು ಜಗಲಿಗೆ ಬರುತ್ತಿದ್ದ. ಇವತ್ತಿನ ಪ್ರಶ್ನೆಯನ್ನು ಹಿಂದೆಯೂ ನಾಲ್ಕು ಬಾರಿ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದ. ಗುರುಗಳು ನಾಲ್ಕು ಬಾರಿಯೂ ಉತ್ತರ ಹೇಳಿದ್ದರು.

ಈ ಸಲ ಉತ್ತರ ಹೇಳಲಿಲ್ಲ. "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕೊಳವೆಬಾವಿಗೆ ಇಳಿಸುವ ಪಂಪುಗಳನ್ನು ಮಾರುವುದು ಅವನ ಕಸುಬು. ವ್ಯಾಪಾರಕ್ಕೆ ಕೊರತೆಯಿರಲಿಲ್ಲ. ಇಬ್ಬರು ತಂಗಿಯರನ್ನು ದಡ ಮುಟ್ಟಿಸುವಷ್ಟರಲ್ಲಿ ಅವನ ಮದುವೆಯ ವಯಸ್ಸು ದಾಟಿಹೋಗಿತ್ತು. ತಂಗಿಯರು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅಂಗಡಿಗೆ ದಿನವಿಡೀ ಜನ ಬರುತ್ತಿದ್ದರು, ಅವನೊಂದಿಗೆ ಮಾತಾಡುತ್ತಿದ್ದರು. ಆದರೆ ಅದೆಲ್ಲ ಪಂಪಿನ ಮಾತು. ಎಷ್ಟು ಅಡಿ ಆಳ, ಎಷ್ಟು ಇಂಚು ನೀರು, ಎಷ್ಟು ವರ್ಷ ಬಾಳಿಕೆ. ಉತ್ತರ ಸಿಕ್ಕ ಕೂಡಲೇ ಅವರು ಎದ್ದು ಹೋಗುತ್ತಿದ್ದರು. ಇದನ್ನು ನೋಡಿ ನೋಡಿ ವರ್ತಕನಲ್ಲಿ ಒಂದು ನಂಬಿಕೆ ಬೆಳೆದಿತ್ತು. ಒಬ್ಬ ಮನುಷ್ಯ ಇನ್ನೊಬ್ಬನ ಬಾಗಿಲಿಗೆ ಹೋಗಬೇಕಾದರೆ ಏನಾದರೂ ಕೆಲಸ ಇರಬೇಕು, ಕೆಲಸವಿಲ್ಲದೆ ಹೋಗುವುದು ಮರ್ಯಾದೆಯಲ್ಲ ಎಂಬ ನಂಬಿಕೆ. ಅವನ ಕತೆಯೆಲ್ಲ ನಡೆದದ್ದು ಈ ನಂಬಿಕೆಯಿಂದಲೇ. ಅದಕ್ಕಾಗಿ ಅದನ್ನು ಮೊದಲೇ ಹೇಳಿದೆ.

ಐವತ್ತನೆಯ ವಯಸ್ಸಿನಲ್ಲಿ ಅವನು ಒಂದು ಸ್ಪೋರ್ಟ್ಸ್ ಕಾರು ಕೊಂಡ. ನೆಲಕ್ಕೆ ಅಂಟಿಕೊಂಡಂತಿದ್ದ, ಎರಡೇ ಸೀಟಿನ ಕಾರು. ಊರಿನವರು ಎರಡು ವಾರ ಅದರ ಬಗ್ಗೆ ಮಾತಾಡಿದರು. ಮೂರನೆಯ ವಾರ ಅವರ ಕಣ್ಣಿಗೆ ಅದು ಅಭ್ಯಾಸವಾಯಿತು. ವರ್ತಕ ಶನಿವಾರ ಅಂಗಡಿಗೆ ರಜೆ ಮಾಡಿ ಹೆದ್ದಾರಿಯಲ್ಲಿ ಅಷ್ಟು ದೂರ ಹೋಗಿ ಬರುತ್ತಿದ್ದ. ಪಕ್ಕದ ಸೀಟಿನ ಮೇಲೆ ಹೊದಿಸಿ ಬಂದಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು. ಅದನ್ನು ತೆಗೆಯುವ ಪ್ರಸಂಗ ಬಂದಿರಲಿಲ್ಲ.

ಕಾರಿಗೂ ಉಸಿರು ಬೇಕು. ಪೆಟ್ರೋಲು ಉರಿಯಬೇಕಾದರೆ ಗಾಳಿ ಬೇಕು, ಆ ಗಾಳಿಯಲ್ಲಿ ಧೂಳು ಇರಬಾರದು. ಅದಕ್ಕಾಗಿ ಕಾರು ಮಾಡಿದ ಕಂಪನಿಯವರೇ ಒಂದು ಡಬ್ಬಿ, ಅದರೊಳಗೆ ಗಾಳಿ ಸೋಸುವ ಫಿಲ್ಟರ್, ಅಲ್ಲಿಂದ ಎಂಜಿನ್ನಿಗೆ ಒಂದು ಪೈಪು ಕೂರಿಸಿರುತ್ತಾರೆ. ಇದಕ್ಕೆ ಏರ್ ಇನ್‌ಟೇಕ್ ಎನ್ನುತ್ತಾರೆ. ಇದನ್ನು ತೆಗೆದು ಹೊರಗೆ ಸಿಗುವ ಬೇರೆ ಇನ್‌ಟೇಕ್ ಹಾಕಿಸಿದರೆ ಕಾರಿನ ಶಕ್ತಿ ಹೆಚ್ಚುತ್ತದೆ, ದನಿಯೂ ಗಂಭೀರವಾಗುತ್ತದೆ ಎಂದು ವರ್ತಕ ಎಲ್ಲೋ ಓದಿದ. ಹಾಕಿಸಿಬಿಡೋಣ ಎಂದು ಒಂದು ಶನಿವಾರ ಬೆಳಿಗ್ಗೆ ಊರಾಚೆಯ ವರ್ಕ್‌ಶಾಪಿಗೆ ಹೋದ. ಅದು ಒಬ್ಬನೇ ಮೆಕ್ಯಾನಿಕ್ ನಡೆಸುವ ವರ್ಕ್‌ಶಾಪು. ವರ್ತಕನ ಮನೆಯಿಂದ ಒಂದು ಮೈಲಿಯೂ ಇರಲಿಲ್ಲ.

ಮೆಕ್ಯಾನಿಕ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಾನೆಟ್ ಎತ್ತಿದ. ಮೂರು ಬಗೆಯವು ಸಿಗುತ್ತವೆ ಎಂದು ವಿವರಿಸಿದ. ಮೊದಲನೆಯದು ಡಬ್ಬಿಯಿಲ್ಲದ, ಶಂಕುವಿನಂತಹ ತೆರೆದ ಫಿಲ್ಟರ್. ಸಿಂಹದ ಹಾಗೆ ಗರ್ಜಿಸುತ್ತದೆ, ಆದರೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಬಿಸಿ ಗಾಳಿಯಲ್ಲಿ ಕಸುವು ಕಡಿಮೆ. ಎರಡನೆಯದಕ್ಕೆ ಉದ್ದನೆಯ ಪೈಪು, ಅದರ ಬಾಯಿ ಬಂಪರಿನ ಕೆಳಗೆ. ತಣ್ಣನೆಯ ಗಾಳಿ ಸಿಗುತ್ತದೆ, ಆದರೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರನ್ನು ಹೀರಿದರೆ ಎಂಜಿನ್ನೇ ಮುಗಿಯಿತು. ಮೂರನೆಯದು ಮುಚ್ಚಿದ ಡಬ್ಬಿಯದು. ಒಳ್ಳೆಯದು, ಆದರೆ ದೂರದಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು. ಇಷ್ಟನ್ನು ಹೇಳುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ನಡುವೆ ಮೆಕ್ಯಾನಿಕ್ ಒಂದು ಹಳೆಯ ಟೈರನ್ನು ಅವನ ಕಡೆ ಉರುಳಿಸಿ ಅದರ ಮೇಲೆ ಕೂರಿಸಿದ್ದ.

"ಯೋಚನೆ ಮಾಡಿ ಮುಂದಿನ ವಾರ ಬರ್ತೀನಿ" ಎಂದು ವರ್ತಕ ಮನೆಗೆ ಬಂದ. ಬೀಗ ತೆಗೆಯುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ಒಬ್ಬರ ಎದುರು ಕೂತು ಅಷ್ಟು ಹೊತ್ತು ಮಾತಾಡಿ ಬಹಳ ವರ್ಷವಾಗಿತ್ತು.

ಅಂದಿನಿಂದ ಅವನಿಗೆ ಇನ್‌ಟೇಕ್ ಬೇಡವಾಯಿತು, ಇನ್‌ಟೇಕಿನ ಮಾತು ಬೇಕಾಯಿತು. ಆರಿಸಿಬಿಟ್ಟರೆ ಮಾತು ಮುಗಿಯುತ್ತದೆ. ಮಾತು ಮುಗಿದರೆ ಶನಿವಾರ ಹೋಗುವುದಕ್ಕೆ ಕಾರಣವಿಲ್ಲ. ಆದ್ದರಿಂದ ಅವನು ಆರಿಸಲಿಲ್ಲ. ಒಂದು ವಾರ ತೆರೆದ ಫಿಲ್ಟರ್ ಎನ್ನುತ್ತಿದ್ದ, ಮುಂದಿನ ವಾರ ಬಿಸಿ ಗಾಳಿಯ ಭಯ ಎನ್ನುತ್ತಿದ್ದ. ಉದ್ದನೆಯ ಪೈಪು ಎನ್ನುತ್ತಿದ್ದ, ಮಳೆಗಾಲ ಬಂತಲ್ಲ ಎನ್ನುತ್ತಿದ್ದ. ಹೀಗೆ ಏಳು ತಿಂಗಳು ನಡೆಯಿತು.

"ಸಾವ್ಕಾರ್ರೆ, ಹೆಣ್ಣು ನೋಡೋಕೂ ಜನ ಇಷ್ಟು ದಿನ ತಗೊಳ್ಳಲ್ಲ" ಎಂದು ಒಂದು ದಿನ ಮೆಕ್ಯಾನಿಕ್ ನಕ್ಕ.

"ಅದಕ್ಕೇ ನನ್ನ ಮದುವೆ ಆಗ್ಲಿಲ್ಲ ಮಾರಾಯ."

"ಕಾರಿಗಾದ್ರೂ ಬೇಗ ಮಾಡಿ. ಅದಕ್ಕೂ ವಯಸ್ಸಾಗ್ತಾ ಇದೆ."

ಮೆಕ್ಯಾನಿಕ್ ಪ್ರಾಮಾಣಿಕನಾದ ಮನುಷ್ಯ. ಗಿರಾಕಿಯ ಅನುಮಾನವನ್ನು ಬಗೆಹರಿಸುವುದು ತನ್ನ ಕರ್ತವ್ಯವೆಂದು ತಿಳಿದಿದ್ದ. ವರ್ತಕನ ಅನುಮಾನ ನಿಜವಾದದ್ದೆಂದೇ ಅವನು ನಂಬಿದ್ದ. ಆದ್ದರಿಂದ ಒಂದು ಶನಿವಾರ ಯಾರಿಂದಲೋ ತೆರೆದ ಫಿಲ್ಟರೊಂದನ್ನು ಕೇಳಿ ತಂದು ಕಾರಿಗೆ ಕೂರಿಸಿದ. "ನೋಡೇ ಬಿಡೋಣ ನಡೀರಿ" ಎಂದು ಪಕ್ಕದ ಸೀಟಿನ ಪ್ಲಾಸ್ಟಿಕ್ಕನ್ನು ಕಿತ್ತೆಸೆದು ಕೂತ. ಹೆದ್ದಾರಿಯ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಕಾರು ಓಡಿಸಲು ಹೇಳಿ ಕೈಗಡಿಯಾರ ಹಿಡಿದ. ಕಾರು ಗರ್ಜಿಸಿತು. ವರ್ತಕನಿಗೆ ಹಾರಿದಂತಾಯಿತು. ವಾಪಸು ಬಂದು ಹಳೆಯ ಡಬ್ಬಿಯನ್ನು ಕೂರಿಸಿ ಮತ್ತೆ ಅದೇ ಕಲ್ಲುಗಳ ನಡುವೆ ಓಡಿಸಿದರು. ಕಾರು ಸದ್ದಿಲ್ಲದೆ ಓಡಿತು, ಆದರೆ ಗಡಿಯಾರದಲ್ಲಿ ಅರ್ಧ ಸೆಕೆಂಡು ಮೊದಲೇ ತಲುಪಿತ್ತು.

ವರ್ಕ್‌ಶಾಪಿಗೆ ಬಂದ ಮೇಲೆ ಮೆಕ್ಯಾನಿಕ್ ಆ ಡಬ್ಬಿಯ ಫಿಲ್ಟರನ್ನು ಹೊರತೆಗೆದು, ಧೂಳು ಊದಿ, ಒರೆಸಿ, ಮತ್ತೆ ಕೂರಿಸಿದ. ಬಾನೆಟ್ ಇಳಿಸಿದ.

"ಈ ಕಾರಿಗೆ ಉಸಿರಿನ ತೊಂದರೆ ಇಲ್ಲ. ನಿಮಗೆ ಮೂರರಲ್ಲಿ ಯಾವುದೂ ಬೇಡ. ಮೊದಲೇ ಹೇಳಬೇಕಿತ್ತು, ಸುಮ್ಮನೆ ನಿಮ್ಮನ್ನ ಇಷ್ಟು ತಿಂಗಳು ಅಲೆದಾಡಿಸಿದ ಹಾಗಾಯ್ತು. ಇನ್ನು ವಾರ ವಾರ ಬರೋದು ತಪ್ತು ನೋಡಿ."

ಅಡಿವೆಪ್ಪ ಇಲ್ಲಿ ತಲೆದೂಗಿದ. ಮೂರನ್ನೂ ಬಿಟ್ಟು, ಇದ್ದ ಉಸಿರನ್ನು ಇದ್ದ ಹಾಗೆ ಬಿಡುವುದೇ ಸರಿ ಎಂದು ಗುರುಗಳು ಹೇಳುತ್ತಿದ್ದಾರೆ, ಕತೆ ಮುಗಿಯಿತು ಎಂದುಕೊಂಡ. ಗುರುಗಳು ಅವನ ಕಡೆ ಒಮ್ಮೆ ನೋಡಿ ಮುಂದುವರಿಸಿದರು.

ಮೆಕ್ಯಾನಿಕ್ ಹೇಳಿದ್ದು ಉಪಕಾರದ ಮಾತು. ವರ್ತಕನಿಗೆ ಅದು ಬಾಗಿಲು ಹಾಕಿದ ಸದ್ದಿನಂತೆ ಕೇಳಿಸಿತು. ಮೊದಲ ಶನಿವಾರ ಅವನು ಕಾರನ್ನು ತೊಳೆದ. ತೊಳೆದ ಕಾರನ್ನೇ ಮತ್ತೊಮ್ಮೆ ತೊಳೆದ. ಎರಡನೆಯ ಶನಿವಾರ ಹೆದ್ದಾರಿಯಲ್ಲಿ ಬಹಳ ದೂರ ಹೋದ. ಪಕ್ಕದ ಸೀಟು ಈಗ ಮೊದಲಿಗಿಂತ ಹೆಚ್ಚು ಖಾಲಿಯಾಗಿ ಕಂಡಿತು, ಏಕೆಂದರೆ ಅದರಲ್ಲಿ ಒಬ್ಬರು ಕೂತದ್ದನ್ನು ಅವನು ನೋಡಿದ್ದ. ಮೂರನೆಯ ಶನಿವಾರ ವರ್ಕ್‌ಶಾಪಿನ ಮುಂದೆ ಕಾರನ್ನು ನಿಧಾನ ಮಾಡಿದ. ಮೆಕ್ಯಾನಿಕ್ ಒಂದು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ, ಕಾಲುಗಳಷ್ಟೇ ಕಾಣುತ್ತಿದ್ದವು. ನಿಲ್ಲಿಸಿದರೆ ಏನು ಹೇಳುವುದು? ಮುಂದೆ ಹೋದ.

ನಾಲ್ಕನೆಯ ಶನಿವಾರ ಬೆಳಿಗ್ಗೆ ಅಂಗಡಿಯ ಸ್ಕ್ರೂಡ್ರೈವರ್ ತಂದು ತಾನೇ ಬಾನೆಟ್ ಎತ್ತಿದ. ಏಳು ತಿಂಗಳು ಕೇಳಿಸಿಕೊಂಡಿದ್ದನಲ್ಲ, ಯಾವ ಪೈಪು ಎಲ್ಲಿ ಸೇರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬಿಗಿದಿದ್ದ ಕ್ಲಾಂಪನ್ನು ಸಡಿಲ ಮಾಡಿದ. ಕಾರು ಶುರುಮಾಡಿದ ಕೂಡಲೇ ಎಂಜಿನ್ ನಿಂತಲ್ಲೇ ಏರಿಳಿಯತೊಡಗಿತು, ಏದುಸಿರು ಬಿಟ್ಟಂತೆ. ಅದನ್ನು ಕೇಳಿ ಅವನಿಗೆ ಸಂತೋಷವಾಯಿತು. ತನ್ನ ಕೈಯಾರೆ ಕೆಡಿಸಿದ ಕಾರನ್ನು, ತಾನು ಆಸೆಪಟ್ಟು ಕೊಂಡ ಒಂದೇ ವಸ್ತುವನ್ನು, ಅವನು ನಗುನಗುತ್ತ ವರ್ಕ್‌ಶಾಪಿಗೆ ಓಡಿಸಿಕೊಂಡು ಹೋದ.

"ಏನೋ ಆಗಿದೆ ನೋಡಪ್ಪ" ಎಂದ.

ಮೆಕ್ಯಾನಿಕ್ ಬಾನೆಟ್ ಎತ್ತಿ ಬಗ್ಗಿದ. ಕ್ಲಾಂಪಿನ ಸ್ಕ್ರೂವಿನ ಮೇಲೆ ಹೊಸ ಗೀರು ಹೊಳೆಯುತ್ತಿತ್ತು. ಅವನು ಬೆರಳಿನಿಂದ ಆ ಗೀರನ್ನು ಸವರಿದ.

"ಸಾವ್ಕಾರ್ರೆ, ಈ ಸ್ಕ್ರೂ ತಾನಾಗಿ ಬಿಚ್ಕೊಳ್ಳೋದಲ್ಲ."

ವರ್ತಕ ಹಳೆಯ ಟೈರಿನ ಮೇಲೆ ಕೂತ.

"ಇಲ್ಲಿಂದ ಒಳಗೆ ಹೋಗೋ ಗಾಳಿ ಸೋಸಿರಲ್ಲ. ಧೂಳೆಲ್ಲ ನೇರ ಎಂಜಿನ್ನಿಗೆ. ಎರಡು ತಿಂಗಳು ಹೀಗೇ ಓಡಿಸಿದ್ರೆ ನನ್ನ ಕೈಲೂ ಏನೂ ಆಗ್ತಿರ್ಲಿಲ್ಲ."

ಅವನು ಕ್ಲಾಂಪನ್ನು ಬಿಗಿದ. ಬಾನೆಟ್ ಇಳಿಸಿ ಕೈ ಒರೆಸಿಕೊಂಡ. ವರ್ತಕನ ಮುಖವನ್ನು ನೋಡದೆ, ಬಟ್ಟೆಯನ್ನು ಮಡಿಸುತ್ತ ಹೇಳಿದ. "ಮುಂದಿನ ಶನಿವಾರ ಕಾರು ಮನೇಲೇ ಇರ್ಲಿ. ನಡ್ಕೊಂಡು ಬನ್ನಿ. ಮಧ್ಯಾಹ್ನ ಊಟಕ್ಕೆ ನಾನೂ ಒಬ್ನೇ ಇರ್ತೀನಿ."

ಇದು ವರ್ತಕನಿಗೆ ಬೇಕಾಗಿದ್ದ ಮಾತೇ. ಆದರೂ ಅದನ್ನು ಕೇಳಿ ಅವನಿಗೆ ಭಯವಾಯಿತು. ಆ ಭಯ ಎಂಥದು ಎಂದು ಹೇಳಬೇಕು. ಕಾರಿನ ಜೊತೆ ಹೋದಾಗ ಅವನು ಗಿರಾಕಿ. ಗಿರಾಕಿಗೆ ಏನು ಮಾತಾಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಏಳಬೇಕು ಎಂಬುದೆಲ್ಲ ಗೊತ್ತಿರುತ್ತದೆ. ಕಾರಿಲ್ಲದೆ ಹೋದರೆ ಅವನು ಯಾರು? ಏನು ಬೇಕಾಗಿತ್ತು ಎಂದು ಕೇಳಿದರೆ ಏನು ಹೇಳುವುದು? ನೀನು ಬೇಕಾಗಿತ್ತು ಎಂದು ಹೇಳಲು ಅವನ ಬಾಯಿಗೆ ಐವತ್ತು ವರ್ಷದಲ್ಲಿ ಅಭ್ಯಾಸವಾಗಿರಲಿಲ್ಲ. ಅಲ್ಲದೆ ಈಗ ಮೆಕ್ಯಾನಿಕ್‌ಗೆ ಎಲ್ಲವೂ ತಿಳಿದಿತ್ತು. ಏಳು ತಿಂಗಳ ಪ್ರಶ್ನೆಗಳೆಲ್ಲ ಏತಕ್ಕಾಗಿ ಎಂದು ತಿಳಿದ ಮನುಷ್ಯನ ಎದುರು ಬರಿಗೈಯಲ್ಲಿ ಹೋಗಿ ಕೂರಬೇಕು. ಅದಕ್ಕಿಂತ ಪೈಪು ಸಡಿಲ ಮಾಡುವುದು ಸುಲಭ.

ಆ ವಾರವೆಲ್ಲ ಅವನು ಇದನ್ನೇ ಯೋಚಿಸಿದ. ಶನಿವಾರ ಬಂತು. ಸ್ನಾನ ಮಾಡಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಕಾರಿನ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದು ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿ ಹೊಸ್ತಿಲ ಬಳಿ ಬಂದು ನಿಂತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಕಾದ. ಕೆರೆಯ ಕಡೆ ಹೋಗಿದ್ದವರು ಮಾತಾಡುತ್ತ ಹಿಂದಿರುಗುತ್ತಿದ್ದರು. ಅವರು ಹಿತ್ತಲ ಬಾಗಿಲಿನಿಂದ ಒಳಗೆ ಹೋದರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಆಮೇಲೆ, ಗುರುಗಳೇ? ಆ ವರ್ತಕ ಹೋದನೇ?"

ಗುರುಗಳು ಹೇಳಿದರು: "ನಾಳೆ ಸಂಜೆ ನೀನು ಪ್ರಶ್ನೆಯಿಲ್ಲದೆ ಇಲ್ಲಿಗೆ ಬಂದರೆ, ಅವನೂ ಹೋದ."